ಗುಂಡಿಯ ಕಾಲು, ಮಾಸ್ತರ ಕತ್ತರಿ

ಅರ್ಧ ಇಂಚು ಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಅಂತ ಒಂದಿದೆ. ಅದು ಹೊಲಿಗೆ ಅಂಗಡಿಯ ಲೈಸೆನ್ಸಿನ ಮೇಲೆ, ಗಾಜಿನ ಚೌಕಟ್ಟಿನೊಳಗೆ ಧೂಳು ಹಿಡಿದು ಕೂತಿದೆ. ಚಲಾವಣೆಯಲ್ಲಿರುವುದು ಬೀದಿಯವರು ಕೊಟ್ಟ ಬಿರುದು. ಅದನ್ನು ಮಾಸ್ತರು ಬೆವರು ಸುರಿಸಿ ಸಂಪಾದಿಸಿದ್ದಾರೆ. ಮೂವತ್ತೈದು ವರ್ಷಗಳಲ್ಲಿ ಅವರ ಕೈಯಿಂದ ಹೊರಬಿದ್ದ ಯಾವ ಪ್ಯಾಂಟಿನ ಸೊಂಟದಲ್ಲೂ, ಯಾವ ಕೋಟಿನ ಬೆನ್ನಲ್ಲೂ ಒಳಗಡೆ ಅರ್ಧ ಇಂಚು ಬಟ್ಟೆ ಮಡಚಿ ಬಿಡದೆ ಇದ್ದದ್ದಿಲ್ಲ.

“ನಾನು ದಪ್ಪ ಆಗೋ ಪೈಕಿ ಅಲ್ಲ ಮಾಸ್ತರೇ,” ಎಂದು ಕಡ್ಡಿಯಂಥ ತರುಣರು ಎದೆಯುಬ್ಬಿಸಿದರೆ, “ಎಲ್ರೂ ಹಾಗೇ ಅಂತಾರಪ್ಪ. ಇರಲಿ, ಒಂದರ್ಧ ಇಂಚು ಬಿಟ್ಟಿರ್ತೀನಿ,” ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುವರು. ಎರಡು ವರ್ಷಕ್ಕೆ ಅದೇ ತರುಣ ಅದೇ ಪ್ಯಾಂಟು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ, ಮಾಸ್ತರ ಮುಖದಲ್ಲಿ ಯುದ್ಧ ಗೆದ್ದ ಸೇನಾಪತಿಯ ಮಂದಹಾಸ. ದೇವರು ಕೂಡ ಮನುಷ್ಯರ ಬದುಕು ಹೊಲಿಯುವಾಗ ಎಲ್ಲೋ ಒಂದು ಕಡೆ ಅರ್ಧ ಇಂಚು ಬಿಟ್ಟಿರುತ್ತಾನೆ ಎನ್ನುವುದು ಅವರ ಒಟ್ಟು ವೇದಾಂತ.

ಅವರ ಇನ್ನೊಂದು ವಿದ್ಯೆ ಮುಚ್ಚಿಡುವುದು. ಒಂದು ಭುಜ ಇಳಿದವರಿಗೆ ಆ ಕಡೆ ಹತ್ತಿಯ ಪದರ, ಗೂನುಬೆನ್ನಿಗೆ ತಕ್ಕ ಮಡಿಕೆ, ಹೊಟ್ಟೆ ಮುಂದೆ ಬಂದವರಿಗೆ ಎಲ್ಲಿ ಹೊಲಿದರೆ ಹಿಂದೆ ಸರಿದಂತೆ ಕಾಣುವುದೋ ಅಲ್ಲಿ ಜೇಬು. ಬೀದಿಯ ಅರ್ಧ ಜನ ನೆಟ್ಟಗೆ ನಿಂತಂತೆ ಕಾಣುವುದು ಮಾಸ್ತರ ಕೃಪೆ. ಯಾರದ್ದು ಎಲ್ಲಿ ಡೊಂಕು ಎನ್ನುವುದು ಅವರಿಗೆ ಕರತಲಾಮಲಕ. ಆದರೆ ಬಾಯಿ ಬಿಡುವ ಆಸಾಮಿ ಅಲ್ಲ. ಮಿಕ್ಕ ಬಟ್ಟೆಯನ್ನು ಚೂರು ಸಮೇತ ಗಂಟು ಕಟ್ಟಿ ವಾಪಸು ಕೊಡುವಷ್ಟು ಪ್ರಾಮಾಣಿಕರು ಬೇರೆ.

ಇಷ್ಟೆಲ್ಲ ಇರುವ ಮಹಾಪುರುಷರಿಗೆ ಇದ್ದ ಒಂದೇ ಚಪಲ ದಪ್ಪ ಕಾಗದದ್ದು. ಗಿರಾಕಿಗಳ ಕಾಲರು, ತೋಳು, ಬೆನ್ನಿನ ನಮೂನೆಗಳನ್ನು ಅವರು ಕಾಗದದಲ್ಲಿ ಕತ್ತರಿಸಿ, ಮೇಲೆ ಹೆಸರು ಬರೆದು, ಗೋಡೆಯ ಮೊಳೆಗಳಿಗೆ ಚುಚ್ಚಿಡುವರು. ಅದಕ್ಕೆ ಹಳೆ ಕ್ಯಾಲೆಂಡರೂ ಆದೀತು, ಪೆಟ್ಟಿಗೆಯ ರಟ್ಟೂ ಆದೀತು. ಅಂಚೆಯಲ್ಲಿ ಬಂದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುವರೇ ಹೊರತು ಓದಿ ನೋಡುವ ಅಭ್ಯಾಸವಿಲ್ಲ. ಕಾಗದ ತೆಳ್ಳಗಿದ್ದರೆ ಕಿಟಕಿಯ ಹತ್ತಿರ ಕೂತು ಕಾಜಾ ಹೊಲಿಯುವ ಹೆಂಡತಿಯ ಕಡೆಗೆ. ದಪ್ಪಗಿದ್ದರೆ ಕತ್ತರಿಯ ಕಡೆಗೆ.

ಮನೆಯ ಮೂರನೆಯ ಸದಸ್ಯೆ ಗುಂಡಿ. ಉದ್ದ ಹೊಟ್ಟೆ, ಗಿಡ್ಡ ಕಾಲು, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ. ಒಂಬತ್ತು ವರ್ಷದ ಈ ನಾಯಿಗೆ ಆ ಹೆಸರು ಬಂದದ್ದು ಮೂರನೆಯ ವಯಸ್ಸಿನಲ್ಲಿ, ಒಂದು ಓವರ್‌ಕೋಟಿನ ಆರು ಗುಂಡಿಗಳನ್ನು ನುಂಗಿದ ಮೇಲೆ. ಅದಕ್ಕೆ ಮುಂಚೆ ಏನೋ ಮುದ್ದಿನ ಹೆಸರಿತ್ತು, ಯಾರಿಗೂ ನೆನಪಿಲ್ಲ. ಆಗ ಹೊಟ್ಟೆ ಕೊಯ್ದು ಗುಂಡಿ ತೆಗೆಸುವುದಕ್ಕೆ ಮಾಸ್ತರು ಮೋಟಾರಿನ ಹೊಲಿಗೆ ಮೆಷಿನ್ನನ್ನೇ ಮಾರಬೇಕಾಯಿತು. ಉಳಿದದ್ದು ಕಾಲಲ್ಲಿ ತುಳಿಯುವ ಹಳೆಯದೊಂದು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ ಮರುತಿಂಗಳೇ ಗುಂಡಿಯ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸಿದರು. ಅಂದಿನಿಂದ ವರ್ಷಕ್ಕೊಮ್ಮೆ ಕಂಪನಿಯಿಂದ ಕಾಗದ ಬರುವುದು, ಹೆಂಡತಿ ಓದುವುದು, ಮಾಸ್ತರು ಹೋಗಿ ಕಟ್ಟಿ ಬರುವುದು. ಹೀಗೆ ಐದು ವರ್ಷ ಸಾಗಿತ್ತು.

ಆರನೆಯ ವರ್ಷ ಕಂಪನಿಯವರಿಗೆ ಏನು ಬುದ್ಧಿ ಬಂತೋ, ಕಾಗದವನ್ನು ದಪ್ಪ ಮಾಡಿದರು.

ಅದು ಗೊತ್ತಾದದ್ದು ಒಂದು ಸೋಮವಾರ ಬೆಳಿಗ್ಗೆ. ಕಟಿಂಗ್ ಮೇಜಿನ ಪಕ್ಕದ ಬೆಂಚಿನ ಮೇಲೆ ಮಲಗಿದ್ದ ಗುಂಡಿ ಅಂಚೆಯವನ ಸೈಕಲ್ ಬೆಲ್ ಕೇಳಿ ಕೆಳಕ್ಕೆ ಹಾರಿತು. ಹಾರಿದ್ದೇ ‘ಕುಯ್ಯ್’ ಎಂದಿತು. ಬಲಗಡೆಯ ಹಿಂಗಾಲು ನೆಲ ಮುಟ್ಟಲಿಲ್ಲ. ಹೊಟ್ಟೆಗಂಟಿಸಿಕೊಂಡು ಮೂರೇ ಕಾಲಲ್ಲಿ ಬಾಗಿಲವರೆಗೆ ಹೋಗಿ, ಬೊಗಳುವ ಕರ್ತವ್ಯ ಮುಗಿಸಿ, ಮೂರೇ ಕಾಲಲ್ಲಿ ವಾಪಸು ಬಂತು.

“ಅಯ್ಯೋ, ಕಾಲು ಉಳುಕಿತೋ ಏನೋ,” ಎಂದು ಹೆಂಡತಿ ಸೂಜಿ ಬಟ್ಟೆಗೆ ಚುಚ್ಚಿ ಎದ್ದಳು. “ಡಾಕ್ಟರಮ್ಮನ ಹತ್ರ ಹೋಗೋಣ ನಡೀರಿ. ಹೇಗಿದ್ರೂ ಇನ್ಶೂರೆನ್ಸ್ ಇದೆ.” ಎರಡು ಹೆಜ್ಜೆ ಇಟ್ಟವಳು ನಿಂತಳು. “ರೀ, ಈ ವರ್ಷದ್ದು ಕಟ್ಟಿದ್ರಾ?”

“ಕಾಗದವೇ ಬರಲಿಲ್ಲವಲ್ಲೇ.”

“ಬರದೆ ಎಲ್ಲಿಗೆ ಹೋಗುತ್ತೆ? ಹೋದ ತಿಂಗಳೇ ಬರಬೇಕಿತ್ತು.”

ಇಬ್ಬರೂ ಏಕಕಾಲಕ್ಕೆ ಗೋಡೆಯ ಕಡೆ ನೋಡಿದರು.

ನಾಲ್ಕು ನೂರು ನಮೂನೆಗಳನ್ನು ಮೊಳೆಯಿಂದ ಇಳಿಸಿ, ಒಂದೊಂದನ್ನೇ ತಿರುಗಿಸಿ ನೋಡುವ ಶೋಧ ಶುರುವಾಯಿತು. ಪೋಸ್ಟ್ ಮಾಸ್ಟರ ಬೆನ್ನಿನ ಹಿಂದೆ ಟೂತ್‌ಪೇಸ್ಟಿನ ಜಾಹೀರಾತು ಸಿಕ್ಕಿತು. ಬೇಕರಿಯವನ ತೋಳಿನ ಹಿಂದೆ ಹೆಂಡತಿ ಎರಡು ವರ್ಷದಿಂದ ಹುಡುಕುತ್ತಿದ್ದ ಕನ್ನಡಕದ ಚೀಟಿ ಸಿಕ್ಕಿತು. ಅದಕ್ಕೆ ಸಲ್ಲಬೇಕಾದ ಬೈಗುಳವನ್ನು ಆಕೆ ಮುಂದಕ್ಕೆ ಕಾಯ್ದಿಟ್ಟಳು. ಕೊನೆಗೆ ಬಾಗಿಲ ಹಿಂದಿನ ಮೊಳೆಯಲ್ಲಿ, ‘ಬ್ಯಾಂಡ್ ಮೇಷ್ಟ್ರು, ಕತ್ತು ಹದಿನೇಳೂವರೆ’ ಎಂದು ಮಾಸ್ತರ ಸ್ವಹಸ್ತಾಕ್ಷರವಿದ್ದ ಭವ್ಯ ಕಾಲರಿನ ಹಿಂಭಾಗದಲ್ಲಿ ಅಚ್ಚಾದ ಅಕ್ಷರಗಳು ಕಂಡವು: ‘ಪ್ರಿಯ ಗ್ರಾಹಕರೇ, ನಿಮ್ಮ ಸಾಕುಪ್ರಾಣಿಯ ಪಾಲಿಸಿಯ ಅವಧಿ ಮುಗಿದಿದೆ. ಹೆಚ್ಚುವರಿಯಾಗಿ ನೀಡಿರುವ ಮೂವತ್ತು ದಿನಗಳು…’

ಆ ದಿನಗಳು ಯಾವತ್ತು ಮುಗಿಯುತ್ತವೆ ಎಂದು ಬರೆದಿದ್ದ ಜಾಗದಲ್ಲಿ ಬ್ಯಾಂಡ್ ಮೇಷ್ಟ್ರ ಕತ್ತು ಬಂದುಬಿಟ್ಟಿತ್ತು. ತಾರೀಖಿನ ಚೂರು ಕಸದ ಜೊತೆ ಎಂದೋ ಹೋಗಿತ್ತು.

“ಭೇಷ್,” ಎಂದಳು ಹೆಂಡತಿ. “ಎಂಥಾ ಕೊಯ್ತ ರೀ! ಒಂದು ಎಳೆ ಆಚೆಗಿಲ್ಲ, ಒಂದು ಎಳೆ ಈಚೆಗಿಲ್ಲ.”

ಮಾಸ್ತರು ಕಾಲರನ್ನು ಅಂಗಿಯೊಳಗೆ ಎದೆಗೊತ್ತಿಕೊಂಡು ಇನ್ಶೂರೆನ್ಸ್ ಆಫೀಸಿನತ್ತ ದಂಡಯಾತ್ರೆ ಹೊರಟರು. ದಾರಿಯುದ್ದಕ್ಕೂ ಲೆಕ್ಕ: ಬ್ಯಾಂಡ್ ಮೇಷ್ಟ್ರು ಅಳತೆ ಕೊಟ್ಟದ್ದು ಯಾವಾಗ? ಆ ದಿನ ಮೇಷ್ಟ್ರಿಗೆ ನೆಗಡಿಯಿತ್ತು. ನೆಗಡಿ ಯಾವಾಗ ಬಂದಿತ್ತು?

ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತನ ತೋಳಿನ ಅಂಚು ಎಳೆಬಿಟ್ಟಿದ್ದದ್ದು ಮಾಸ್ತರ ಕಣ್ಣಿಗೆ ಮೊದಲು ಬಿತ್ತು. ಇಂಥವನ ಕೈಯಲ್ಲಿ ತನ್ನ ನಾಯಿಯ ಭವಿಷ್ಯ!

“ಏನ್ಸಾರ್ ಇದು?” ಎಂದು ಗುಮಾಸ್ತ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಕಾಲರು.”

“ಕಾಲರ್ರಾ?”

“ನೀವೇ ಕಳಿಸಿದ್ದು. ತಿರುಗಿಸಿ ನೋಡಿ.”

ಗುಮಾಸ್ತ ತಿರುಗಿಸಿದ, ಓದಿದ, ಮಾಸ್ತರನ್ನು ನೋಡಿದ, ಮತ್ತೆ ತಿರುಗಿಸಿದ. ನಂಬರು ಒತ್ತಿ ಪರದೆ ನೋಡಿ ನಾಲಿಗೆಯಲ್ಲಿ ‘ತ್ಚ್’ ಎಂದ.

“ಮೂವತ್ತು ದಿನ ಮುಗಿದು ನಾಲ್ಕು ದಿನ ಆಯ್ತು ಸಾರ್.”

“ನಾಲ್ಕೇ ದಿನ ತಾನೇ? ಒಂದರ್ಧ ಇಂಚು ಬಿಟ್ಟಿರಲ್ವಾ ನೀವು?”

“ಆ ಮೂವತ್ತು ದಿನವೇ ನಮ್ಮ ಅರ್ಧ ಇಂಚು ಸಾರ್.”

ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಮಾಸ್ತರಿಗೆ ಅವರದೇ ಮಾತು ಎದುರಿನಿಂದ ಬಂದು ಬಡಿದಿತ್ತು. ಅವರ ಮುಖ ನೋಡಿ ಗುಮಾಸ್ತನಿಗೂ ಅಯ್ಯೋ ಅನ್ನಿಸಿರಬೇಕು. ಡ್ರಾಯರಿನಿಂದ ಒಂದು ಫಾರಂ ತೆಗೆದ.

“ಒಂದು ದಾರಿ ಇದೆ. ಇನ್ನು ಹನ್ನೊಂದು ದಿನದೊಳಗೆ, ನಾಯಿಗೆ ಯಾವ ಕಾಯಿಲೆನೂ ಇಲ್ಲ, ಚೆನ್ನಾಗಿದೆ ಅಂತ ಇದರಲ್ಲಿ ಬರೆಸ್ಕೊಂಡು ಬನ್ನಿ. ಹಳೇ ಪಾಲಿಸಿನೇ ಮುಂದುವರಿಸ್ತೀವಿ. ನಮ್ಮ ಫೈಲಲ್ಲಿರೋ ಡಾಕ್ಟ್ರೇ ಬರೀಬೇಕು ಮತ್ತೆ.”

“ಬರೆಸದಿದ್ರೆ?”

“ಮುಚ್ಚಿಹೋಗುತ್ತೆ. ಎಂಟು ವರ್ಷ ದಾಟಿದ ನಾಯಿಗೆ ಹೊಸ ಪಾಲಿಸಿ ಕೊಡಲ್ಲ. ನಿಮ್ಮದಕ್ಕೆ ಒಂಬತ್ತು.” ಗುಮಾಸ್ತ ತಲೆಯೆತ್ತಿದ. “ನಾಯಿ ಚೆನ್ನಾಗಿದೆ ತಾನೇ?”

“ಓಹೋ!” ಎಂದರು ಮಾಸ್ತರು. “ಕುದುರೆ ಇದ್ದ ಹಾಗಿದೆ!”

ಮನೆಗೆ ಬಂದಾಗ ಕುದುರೆ ಮೂರು ಕಾಲಿನ ಮೇಲೆ ನಿಂತು ಬಾಲ ಅಲ್ಲಾಡಿಸಿತು.

ಅಲ್ಲಿಂದ ಶುರುವಾದ ದಿನಗಳನ್ನು ಮಾಸ್ತರು ಶತ್ರುವಿಗೂ ಬಯಸಲಾರರು. ನಾಯಿಯನ್ನು ಡಾಕ್ಟರಮ್ಮನ ಹತ್ತಿರ ಔಷಧಕ್ಕೆ ಒಯ್ದರೆ ಕುಂಟು ಫೈಲಿಗೆ ಏರುತ್ತದೆ. ಏರಿದರೆ ಫಾರಂ ಆಗುವುದಿಲ್ಲ. ಆಗದಿದ್ದರೆ, ಒಂದು ವೇಳೆ ಆಪರೇಷನ್ನೇ ಬೇಕೆಂದರೆ, ತುಳಿಯುವ ಮೆಷಿನ್ನೂ ಹೋಗುತ್ತದೆ. ಮೆಷಿನ್ ಹೋದರೆ ಮಾಸ್ತರು ಯಾತರ ಮಾಸ್ತರು? ಔಷಧಕ್ಕೆ ಒಯ್ಯದಿದ್ದರೆ, ಗುಂಡಿ ಅವರನ್ನು ನೋಡುತ್ತದೆ. ಅದಕ್ಕೆ ಬೇರೇನೂ ಬರುವುದಿಲ್ಲ, ಸುಮ್ಮನೆ ನೋಡುತ್ತದೆ. ಬೆಂಚು ಹತ್ತಲಾರದೆ ಕೆಳಗೆ ಕೂತು, ಗದ್ದವನ್ನು ಬೆಂಚಿನ ಅಂಚಿಗಿಟ್ಟು ನೋಡುತ್ತದೆ. ಮಾಸ್ತರು ಎರಡು ದಿನದಲ್ಲಿ ಮೂರು ತೋಳು ಉಲ್ಟಾ ಹೊಲಿದರು.

“ಉಳುಕಿದ್ರೆ ತಾನಾಗೇ ಸರಿ ಹೋಗುತ್ತೆ,” ಎಂದರು.

“ಹೋಗದಿದ್ರೆ?” ಎಂದಳು ಹೆಂಡತಿ. “ಕಾಗದಕ್ಕೆ ಗೊತ್ತಾಗಬಾರದು ಅಂತ ನಾಯಿಗೆ ನೋಯಿಸ್ತಿದ್ದೀರಲ್ರೀ.”

ಮೂರನೆಯ ದಿನ ಮಾಸ್ತರ ತಲೆಯೊಳಗೆ ಆ ಮಹಾಯೋಜನೆ ಮೊಳಕೆಯೊಡೆಯಿತು. ಊರಿನ ಡೊಂಕನ್ನೆಲ್ಲ ಮುಚ್ಚಿದ ಕೈಗೆ ಒಂದು ಮೊಳದ ನಾಯಿಯ ಕುಂಟು ಯಾವ ಲೆಕ್ಕ? ಕುಂಟುವ ಕಾಲಿಗೆ ಮಾತ್ರ ಮುಸುಕು ಹಾಕಿದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ನಾಲ್ಕೂ ಕಾಲಿಗೆ ಪ್ಯಾಂಟು! ನಾಲ್ಕರಲ್ಲೂ ಒಳಗೆ ಗಟ್ಟಿ ಕ್ಯಾನ್ವಾಸು. ಕಾಲುಗಳು ಮಡಚದೆ ಸೆಟೆದು ನಡೆದರೆ ಯಾವುದು ಕುಂಟು, ಯಾವುದು ನೆಟ್ಟಗೆ ಅಂತ ಬ್ರಹ್ಮನಿಗೂ ತಿಳಿಯಬಾರದು. ಬಲಗಡೆ ಸೊಂಟದ ಹತ್ತಿರ ಹತ್ತಿಯ ಪದರವಿಟ್ಟು ಎತ್ತರ ಸಮ ಮಾಡುವುದು. ಮೇಲೆ ಒಂದು ಮೇಲಂಗಿ, ಅದಕ್ಕೆ ಸಾಲು ಗುಂಡಿ.

“ನಾಯಿಗೆ ಸೂಟಾ?” ಎಂದು ಹೆಂಡತಿ ಕಣ್ಣರಳಿಸಿದಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲಾನೂ ಮುಚ್ಚೋಕೆ ಹೊರಟಿದ್ದೀರಿ.”

“ನೀನು ಗುಂಡಿ ಹಾಕಿಕೊಡ್ತೀಯೋ ಇಲ್ವೋ?”

ಹಾಕಿಕೊಟ್ಟಳು. ಆದರೆ ಒಂದೊಂದು ಗುಂಡಿಗೂ ಒಂದೊಂದು ಮಾತು ಹೊಲಿದೇ ಕೊಟ್ಟಳು.

ಆರನೆಯ ದಿನ ಗುಂಡಿ ಬೂದುಬಣ್ಣದ ಕವಚ ತೊಟ್ಟು ಸಿದ್ಧವಾಯಿತು. ನಡೆದರೆ ಕವಾಯತು ಮಾಡುವ ಪುಟ್ಟ ಸಿಪಾಯಿ. ಕುಂಟು ಕಾಣಲೇ ಇಲ್ಲ. ಮಾಸ್ತರು ಮೀಸೆ ತಿರುವಿಕೊಂಡರು.

ಡಾಕ್ಟರಮ್ಮ ಅವರ ಹಳೆಯ ಗಿರಾಕಿ. ಹತ್ತು ವರ್ಷದ ಹಿಂದೆ ಒಂದು ಹಸು ಒದ್ದು ಆಕೆಯ ಎಡಭುಜ ಮುಕ್ಕಾಲು ಇಂಚು ಇಳಿದುಹೋಗಿತ್ತು. ಅಂದಿನಿಂದ ಆಕೆಯ ಬಿಳಿ ಕೋಟುಗಳೆಲ್ಲ ಮಾಸ್ತರ ಹತ್ತಿರವೇ. ಆಕೆ ನೇರ ನಿಂತು ಕೈ ತೊಳೆಯುತ್ತಿದ್ದಳು. ಮೇಜಿನ ಮೇಲೆ ಫಾರಂ ಇಟ್ಟು ಮಾಸ್ತರು ಕೆಮ್ಮಿದರು.

“ಇದೇನು ಮಾಸ್ತರೇ, ಮಳೆ ಇಲ್ಲ, ಚಳಿ ಇಲ್ಲ, ಗುಂಡಿಗೆ ಸೂಟು?”

“ಹಾಗೇ ಡಾಕ್ಟರಮ್ಮ. ಬಟ್ಟೆ ಮಿಕ್ಕಿತ್ತು.”

“ಮಿಕ್ಕಿದ ಬಟ್ಟೆ ನೀವು ವಾಪಸ್ ಕೊಡೋರಲ್ವಾ?”

ಹೆಂಡತಿ ಗೋಡೆಯ ಮೇಲಿದ್ದ ಬೆಕ್ಕಿನ ಹಲ್ಲಿನ ಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಗುಂಡಿ ಕೋಣೆಯ ಈ ಕೊನೆಯಿಂದ ಆ ಕೊನೆಗೆ ಕವಾಯತು ಮಾಡಿತು. ಡಾಕ್ಟರಮ್ಮ ಫಾರಂ ಓದಿದಳು. ಪೆನ್ನಿನ ಮುಚ್ಚಳ ತೆಗೆದಳು.

ಬರೆಯುವ ಮುಂಚೆ ಆಕೆ ಸುಮ್ಮನೆ ಬಗ್ಗಿ ನಾಯಿಯ ಬೆನ್ನು ಸವರಿದಳು. ಕೈ ಬಲಸೊಂಟದ ಹತ್ತಿರ ನಿಂತಿತು. ಬೆರಳಲ್ಲಿ ಅಲ್ಲೇ ಒತ್ತಿದಳು.

“ಇಲ್ಲಿ ಹತ್ತಿ ಇದೆ.”

ಮಾಸ್ತರು ಬಗ್ಗಿ ಗುಂಡಿಯ ಮೇಲಂಗಿಯ ಅಂಚು ಸರಿಮಾಡಿದರು.

“ನನ್ನ ಎಡಭುಜದಲ್ಲಿ ಇರೋದೂ ಇದೇ ಹತ್ತಿ, ಇದೇ ಹೊಲಿಗೆ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ತೊಡ್ತೀನಿ. ನನಗೆ ಗೊತ್ತಾಗಲ್ವಾ ಮಾಸ್ತರೇ?” ಆಕೆ ನೆಲದ ಮೇಲೇ ಕೂತು ಒಂದೊಂದಾಗಿ ಗುಂಡಿ ಬಿಚ್ಚಿದಳು. “ಎಷ್ಟು ದಿನ ಆಯ್ತು?”

“ನಿನ್ನೆಯಿಂದ,” ಎಂದರು ಮಾಸ್ತರು.

“ಆರು ದಿನ,” ಎಂದಳು ಹೆಂಡತಿ, ಬೆಕ್ಕಿನ ಹಲ್ಲಿನಿಂದ ಕಣ್ಣು ತೆಗೆಯದೆ.

ಕವಚ ಕಳಚಿಬಿತ್ತು. ಕಾಲು ಮೇಲಕ್ಕೆದ್ದು ಹೊಟ್ಟೆಗಂಟಿತು. ಡಾಕ್ಟರಮ್ಮ ಮಂಡಿ ಮುಟ್ಟಿದ ಕೂಡಲೇ ಗುಂಡಿ ನರಳಿತು. ನರಳಿ, ತಪ್ಪಾಯಿತೇನೋ ಎಂಬಂತೆ ಆಕೆಯ ಕೈಯನ್ನೇ ನೆಕ್ಕಿತು.

“ಡಾಕ್ಟರಮ್ಮ, ಈ ಒಂದು ಫಾರಂ…” ಮಾಸ್ತರು ಫಾರಂ ಮುಂದೆ ಸರಿಸಿದರು. “ನಿಮ್ಮ ಭುಜದ ವಿಷ್ಯ ನಾನು ಇವತ್ತಿನವರೆಗೂ ಯಾರ ಹತ್ರಾನೂ…” ಅರ್ಧಕ್ಕೇ ಆ ಮಾತಿನ ಬಣ್ಣ ಅವರಿಗೇ ಕಂಡಿತು. ಕಿವಿ ಕೆಂಪಾದವು.

ಆಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಭುಜ ಮುಚ್ಚಿದ್ರೆ ನನಗೇನೂ ನೋಯಲ್ಲ ಮಾಸ್ತರೇ. ಇದಕ್ಕೆ ನೋಯ್ತಿದೆ.”

ಫಾರಂನಲ್ಲಿ ಆಕೆ ಇದ್ದದ್ದನ್ನು ಇದ್ದಂತೆ ಬರೆದಳು. ಪೆನ್ನು ಸರಸರ ಓಡುವ ಆ ಸದ್ದಿನಲ್ಲಿ ಆರು ವರ್ಷದ ಪಾಲಿಸಿ ಹರಿದುಹೋದದ್ದು ಮಾಸ್ತರಿಗೆ ಕೇಳಿಸಿತು. ತುಳಿಯುವ ಮೆಷಿನ್ನಿಗೆ ಯಾರು ಗಿರಾಕಿ ಆಗಬಹುದು ಎಂದು ಮನಸ್ಸು ಆಗಲೇ ಬೀದಿ ಸುತ್ತುತ್ತಿತ್ತು.

“ಕೊಯ್ಯಲೇಬೇಕಾ?” ಎಂದಳು ಹೆಂಡತಿ.

“ಮಂಡಿಯ ಒಳಗೆ ಮೂಳೆ ಹಿಡಿದಿರೋ ಕಟ್ಟು ಅರ್ಧ ಹರಿದಿದೆ. ಇನ್ನರ್ಧ ಹಿಡ್ಕೊಂಡಿದೆ. ಇನ್ನೂ ನಾಲ್ಕು ದಿನ ಈ ಸೂಟು ಹಾಕಿ ಕುಣಿಸಿದ್ದಿದ್ರೆ ಪೂರ್ತಿ ಹೋಗೋದು.” ಮಾಸ್ತರು ತಲೆ ತಗ್ಗಿಸಿದರು. “ಆರು ವಾರ ಹಾರೋ ಹಾಗಿಲ್ಲ, ಮೆಟ್ಟಿಲಿಲ್ಲ, ಊಟ ಅರ್ಧ. ಮಂಡಿಗೆ ಒಂದು ಬಿಗಿ ಪಟ್ಟಿ ಬೇಕು. ತಯಾರಾಗಿ ಸಿಗೋದು ಯಾವುದೂ ಈ ಗಿಡ್ಡಿಯ ಕಾಲಿಗೆ ಕೂರಲ್ಲ. ನೀವು ಹೊಲೀತೀರಾ?”

ಮಾಸ್ತರ ಕೈ ತಾನಾಗಿ ಕತ್ತಿನ ಟೇಪಿಗೆ ಹೋಯಿತು. “ಹೊಲೀತೀನಿ. ಊದಿದ್ರೆ ಬೇಕಾಗುತ್ತೆ, ಒಂದರ್ಧ ಇಂಚು ಬಿಟ್ಟು…”

“ಏನೂ ಬಿಡೋ ಹಾಗಿಲ್ಲ. ಮೈಗೆ ಹತ್ತಿ ಕೂರಬೇಕು. ಒಂದೆಳೆ ಸಡಿಲ ಆದ್ರೂ ಉಳಿದರ್ಧ ಹರಿಯುತ್ತೆ. ಒಂದೆಳೆ ಬಿಗಿ ಆದ್ರೆ ರಕ್ತ ಓಡಲ್ಲ. ಆರು ವಾರ ಬಿಟ್ಟು ನೋಡ್ತೀನಿ. ಆಗಲೂ ನಿಲ್ಲದಿದ್ರೆ ಚಾಕುನೇ.”

ಏನೂ ಬಿಡದೆ ಹೊಲಿಯುವುದು! ಮಾಸ್ತರಿಗೆ ಆಣೆಕಟ್ಟಿಲ್ಲದ ಹೊಳೆಯ ಮುಂದೆ ನಿಂತಂತಾಯಿತು. ಮೂರು ಪಟ್ಟಿ ಹೊಲಿದರು. ಮೊದಲನೆಯದು ಜಾರಿತು. ಒಳಗೆ ನೋಡಿದರೆ ಅಭ್ಯಾಸಬಲದಿಂದ ಎಲ್ಲೋ ಅರ್ಧ ಇಂಚು ಮಡಚಿಯೇ ಬಿಟ್ಟಿದ್ದರು. ಎರಡನೆಯದಕ್ಕೆ ಪಂಜ ತಣ್ಣಗಾಯಿತು. ಹೆಂಡತಿ ಕಾಜಾ ಹೊಲಿಯುವ ಪುಟ್ಟ ಕತ್ತರಿಯಿಂದಲೇ ಕತ್ತರಿಸಿ ಬಿಡಿಸಿದಳು. ಮೂರನೆಯದನ್ನು ಗುಂಡಿಯೇ ಹಲ್ಲಲ್ಲಿ ವಿಮರ್ಶಿಸಿತು.

ನಾಲ್ಕನೆಯದರ ನಮೂನೆಗೆ ಕಾಗದ ಹುಡುಕುತ್ತಿದ್ದಾಗ ಅಂಚೆಯವನು ಬಂದ. ಕಂಪನಿಯ ಲಕೋಟೆ. ಮಾಸ್ತರು ಬೆರಳಲ್ಲಿ ಉಜ್ಜಿ ನೋಡಿದರು. ಎಂಥಾ ಕಾಗದ! ಬಾಗುತ್ತದೆ, ಮುರಿಯುವುದಿಲ್ಲ. ಕತ್ತರಿ ಕೈಗೆ ಬಂತು. ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು.

ಮಾಸ್ತರು ಕತ್ತರಿ ಕೆಳಗಿಟ್ಟರು. ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಅಕ್ಷರದಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ವಿಷಾದಪೂರ್ವಕವಾಗಿ ತಿಳಿಸುತ್ತೇವೆ, ಸದರಿ ಪಾಲಿಸಿಯನ್ನು ಮುಚ್ಚಲಾಗಿದೆ. ತಿರುಗಿಸಿ ಹಿಂದೆಯೂ ಓದಿದರು. ಹಿಂದೆ ಏನೂ ಇರಲಿಲ್ಲ.

“ಈಗ ಕೊಯ್ಯಬಹುದಾ?” ಎಂದು ಹೆಂಡತಿಯನ್ನು ಕೇಳಿದರು.

“ಈಗ ಕೊಯ್ರಿ.”

ನಾಲ್ಕನೆಯ ಪಟ್ಟಿ ಜಾರಲಿಲ್ಲ, ಪಂಜವೂ ತಣ್ಣಗಾಗಲಿಲ್ಲ. ಆರು ವಾರ ಮಾಸ್ತರು ಬೆಂಚನ್ನು ಗೋಡೆಗೆ ತಿರುಗಿಸಿಟ್ಟು ತಾವೂ ನೆಲದ ಮೇಲೆ ಕೂತು ಕತ್ತರಿಸಿದರು. ಗಂಟೆಗೊಮ್ಮೆ ಪಂಜ ಮುಟ್ಟಿ ಬೆಚ್ಚಗಿದೆಯೇ ಎಂದು ನೋಡುವರು. ಅಂಚೆಯವನಿಗೆ ಬೆಲ್ ಬಾರಿಸದಂತೆ ತಾಕೀತಾಯಿತು. ಐದನೆಯ ವಾರ, ಒಂದು ಮಧ್ಯಾಹ್ನ, ಗುಂಡಿ ನೀರಿನ ಬಟ್ಟಲಿನ ಕಡೆ ನಡೆದುಹೋಯಿತು. ಹೆಂಡತಿ ಮಾಸ್ತರ ತೋಳು ಹಿಡಿದು ಜಗ್ಗಿದಳು. ನಾಲ್ಕನೆಯ ಕಾಲು ನೆಲ ಮುಟ್ಟುತ್ತಿತ್ತು. ಬಿಸಿ ಕಲ್ಲು ಮುಟ್ಟಿದ ಹಾಗೆ, ಆದರೆ ಮುಟ್ಟುತ್ತಿತ್ತು.

ಆರು ವಾರ ಮುಗಿದ ದಿನ ಡಾಕ್ಟರಮ್ಮ ಮಂಡಿಯನ್ನು ಅತ್ತ ಇತ್ತ ಆಡಿಸಿ, ಪಟ್ಟಿಯ ಅಂಚಿಗೆ ಉಗುರು ತೂರಿಸಲು ನೋಡಿ, ತೂರದೆ, ಮಾಸ್ತರ ಮುಖ ನೋಡಿದಳು.

“ಸದ್ಯಕ್ಕೆ ಚಾಕು ಬೇಡ.”

“ಸದ್ಯಕ್ಕೆ ಅಂದ್ರೆ?”

“ಸದ್ಯಕ್ಕೆ ಅಂದ್ರೆ ಸದ್ಯಕ್ಕೆ ಮಾಸ್ತರೇ. ಅದಕ್ಕಿಂತ ಜಾಸ್ತಿ ಬರೆದುಕೊಡೋಕೆ ನನ್ನ ಹತ್ರ ಫಾರಂ ಇಲ್ಲ.”

ಆ ‘ಸದ್ಯಕ್ಕೆ’ಯನ್ನು ಅಂಗಿಯ ಜೇಬಿನಲ್ಲಿ ಗುಂಡುಸೂಜಿಯ ಹಾಗೆ ಇಟ್ಟುಕೊಂಡು ಮಾಸ್ತರು ಮನೆಗೆ ನಡೆದರು. ನಡೆಯುವಾಗ ಆಗಾಗ ಅದು ಚುಚ್ಚುತ್ತಿತ್ತು. ಅಂಗಡಿಗೆ ಬಂದು, ಬ್ಯಾಂಡ್ ಮೇಷ್ಟ್ರ ಕಾಲರಿನ ಪಕ್ಕ ಹೊಸ ಮೊಳೆ ಹೊಡೆದು, ಪಟ್ಟಿಯ ನಮೂನೆಯನ್ನು ತೂಗುಹಾಕಿದರು. ಹೆಸರು ಬರೆಯುವ ಜಾಗದಲ್ಲಿ ಅವರ ದುಂಡಗಿನ ಅಕ್ಷರದಲ್ಲಿ ಹೀಗಿದೆ:

‘ಗುಂಡಿ, ಬಲಮಂಡಿ. ಬಿಟ್ಟದ್ದು: ಏನೂ ಇಲ್ಲ.’